‘ಸಿದ್ಧ’ವೆಂದರೆ ಏನು ಸಿದ್ಧ?

ಅಗಲ ಪರದೆಯ ಟಿ.ವಿ. ಈಗ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಗಿರಣಿಯ ಕೂಲಿಗಾರನೂ ಕಂತಿನ ಮೇಲೆ ಕೊಳ್ಳುತ್ತಾನೆ. ಕೊಳ್ಳಲಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪೆಟ್ಟಿಗೆಯ ಮೇಲಿನ ‘ಎಚ್‌ಡಿ ರೆಡಿ’ ಎಂಬ ಮಾತಿನ ಅರ್ಥವನ್ನು ಅವನಿಗೆ ಯಾರೂ ಬಿಡಿಸಿ ಹೇಳುವುದಿಲ್ಲವೆಂಬುದೇ ನಮ್ಮ ತಕರಾರು.

ಎಚ್‌ಡಿ ಎಂದರೆ ಹೆಚ್ಚು ಗೆರೆಗಳುಳ್ಳ, ಹೆಚ್ಚು ಸ್ಪಷ್ಟವಾದ ಚಿತ್ರ. ಯುರೋಪಿನಲ್ಲಿ ಮೊದಮೊದಲು ದುಬಾರಿ ಬೆಲೆಗೆ ಮಾರಿದ ಹಲವು ಅಗಲ ಪರದೆಗಳಿಗೆ ಆ ಚಿತ್ರವನ್ನು ತೋರಿಸುವ ಶಕ್ತಿಯೇ ಇರಲಿಲ್ಲ. ಗೊಂದಲ ನೀಗಲೆಂದು ಅಲ್ಲಿಯ ತಯಾರಕರ ಸಂಘವು 2005ರಲ್ಲಿ ‘ಎಚ್‌ಡಿ ರೆಡಿ’ ಮುದ್ರೆಯನ್ನು ತಂದಿತು. ಪರದೆ ಅಗಲವಾಗಿರಬೇಕು, ಕನಿಷ್ಠ 720 ಗೆರೆಗಳಿರಬೇಕು, ನಕಲು ತಡೆಯುವ ಬೀಗವುಳ್ಳ ಚಿತ್ರವನ್ನೂ ಸ್ವೀಕರಿಸಬೇಕು ಎಂದಿತು. ಎಚ್‌ಡಿ ಪ್ರಸಾರವನ್ನು ಹಿಡಿಯುವ ಯಂತ್ರ ಒಳಗಿರಬೇಕೆಂಬ ಕಟ್ಟಳೆ ಮಾತ್ರ ಇರಲಿಲ್ಲ. ಅಂದರೆ ಒಲೆ ಸಿದ್ಧ. ಸೌದೆ, ಅಕ್ಕಿ ನಿಮ್ಮವು!

ನಮ್ಮಲ್ಲಿ ‘ಎಚ್‌ಡಿ ರೆಡಿ’ ಎಂದು ಮಾರುವ ಪರದೆಯಲ್ಲಿ ಸಾಮಾನ್ಯವಾಗಿ ಅಡ್ಡಸಾಲಿಗೆ 1366, ಮೇಲಿಂದ ಕೆಳಕ್ಕೆ 768 ಚುಕ್ಕಿಗಳು. ‘ಫುಲ್ ಎಚ್‌ಡಿ’ಯಲ್ಲಿ 1920 ಮತ್ತು 1080, ಒಟ್ಟಿನಲ್ಲಿ ಸುಮಾರು ಇಮ್ಮಡಿ. ಯಾವುದನ್ನೇ ಕೊಂಡರೂ, ಕೇಬಲ್ ಅಥವಾ ಡಿಶ್ ಪೆಟ್ಟಿಗೆಯಿಂದ ನೋಡುವವನಿಗೆ ಎಚ್‌ಡಿ ಸೆಟ್‌ಟಾಪ್ ಬಾಕ್ಸು, ಎಚ್‌ಡಿ ಚಾನೆಲು, ಎಚ್‌ಡಿಎಂಐ ತಂತಿ ಮೂರೂ ಬೇಕು. ಹಳೆಯ ಹಳದಿ ತಂತಿಯಲ್ಲಿ ಎಚ್‌ಡಿ ಬರುವುದಿಲ್ಲ. ಮೇಲಾಗಿ 4:3 ಅಳತೆಯ ಹಳೆಯ ಚಿತ್ರವನ್ನು 16:9 ಪರದೆಯ ತುಂಬ ಎಳೆದರೆ ಮುಖಗಳು ಮೂರರಲ್ಲೊಂದು ಪಾಲು ಅಗಲವಾಗುತ್ತವೆ. ರಿಮೋಟಿನಲ್ಲಿ ಅಳತೆ ಬದಲಿಸಿದರೆ ಸರಿಹೋಗುವ ಸಂಗತಿಯಿದು. ತಿಳಿಯದ ಗಿರಾಕಿ ಟಿ.ವಿ.ಯೇ ಕೆಟ್ಟಿದೆಯೆಂದು ಅಂಗಡಿಗೆ ಬರುತ್ತಾನೆ.

ಬೈಗುಳ ತಿನ್ನುವವನು ಸಣ್ಣ ವ್ಯಾಪಾರಿ. ಆ ಮಾತನ್ನು ಅಚ್ಚು ಹಾಕಿಸಿದ ಕಂಪನಿ ದೂರದಲ್ಲಿ ಸುಖವಾಗಿದೆ. ಕೊಂಡವನೂ ಮಾರಿದವನೂ ಪರಸ್ಪರ ಕಾದಾಡಿದರೆ ಲಾಭ ಯಾರಿಗೆ?

ಸರಕಿನ ಗುಣಮಟ್ಟವನ್ನು ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಕೊಳ್ಳುವವನಿಗೆ ಕೊಟ್ಟಿದೆ. ಅರ್ಥವಾಗದ ಮಾತಿನಲ್ಲಿ ತಿಳಿಸಿದರೆ ಅದು ತಿಳಿಸಿದಂತಲ್ಲ. ಚುಕ್ಕಿಗಳೆಷ್ಟು, ಇದರ ಜೊತೆಗೆ ಇನ್ನೇನು ಕೊಳ್ಳಬೇಕು ಎಂಬುದನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಮುದ್ರಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಅಲ್ಲಿಯವರೆಗೆ ಗಿರಾಕಿ ಹಣ ಕೊಡುವ ಮುಂಚೆ ಕೇಳಲಿ. ಅಂಗಡಿಕಾರ ರಸೀದಿಯಲ್ಲಿ ಬರೆದುಕೊಡಲಿ. ಇಬ್ಬರಿಗೂ ಕ್ಷೇಮ ಅದರಲ್ಲಿದೆ.