ಕಣ್ಣರೆಪ್ಪೆಯ ಇಸುಬು

ಕಣ್ಣನ್ನು ರೆಪ್ಪೆ ಕಾಯುವಂತೆ ಮಕ್ಕಳನ್ನು ಕಾಯಬೇಕೆಂದು ಹಿರಿಯರು ಹೇಳುವುದುಂಟು. ರೆಪ್ಪೆಯ ಕಾವಲು ಅಷ್ಟು ಎಚ್ಚರದ್ದು. ಧೂಳು ಹಾರಿದೊಡನೆ ಮುಚ್ಚಿಕೊಳ್ಳುವುದು, ಕಣ್ಣೀರನ್ನು ಕಣ್ಣಗುಡ್ಡೆಯ ಮೇಲೆ ತೆಳ್ಳಗೆ ಹರಡುವುದು, ನಿದ್ರೆಯಲ್ಲಿ ಕಣ್ಣು ಒಣಗದಂತೆ ಕಾಪಾಡುವುದು, ಇವೆಲ್ಲ ಅದರ ನಿತ್ಯದ ಸೇವೆ. ಇಂಥ ಕಾವಲುಗಾರನಿಗೇ ಬೇನೆ ಬಂದಾಗ ಮನೆಗಳಲ್ಲಿ ನಡೆಯುವುದೇನು? ಹಿಂದೆಂದೋ ಯಾರಿಗೋ ತಂದು ಕಪಾಟಿನಲ್ಲಿ ಉಳಿದಿರುವ ಮುಲಾಮನ್ನು ಹುಡುಕಿ ಹಚ್ಚುವುದು. ಎರಡು ದಿನಕ್ಕೆ ನವೆ ಅಡಗುತ್ತದೆ. ಸ್ವಲ್ಪ ದಿನ ಕಳೆಯುವುದರೊಳಗೆ ಮತ್ತೆ ತಲೆಯೆತ್ತುತ್ತದೆ. ಮತ್ತೆ ಅದೇ ಮುಲಾಮು. ಹೀಗೆ ತಿಂಗಳುಗಳು ಉರುಳುತ್ತವೆ. ಬೇನೆ ಮಾತ್ರ ಬೇರೂರುತ್ತದೆ. ಮುಲಾಮಿನಿಂದ ಕಣ್ಣಿಗೇ ಕುತ್ತು ಬರಬಹುದೆಂಬುದು ಬಹಳ ಮಂದಿಗೆ ತಿಳಿಯದು.

ಲಕ್ಷಣಗಳು

ರೆಪ್ಪೆಯ ಇಸುಬು ಸಾಮಾನ್ಯವಾಗಿ ಸಣ್ಣ ನವೆಯಿಂದ ಆರಂಭವಾಗುತ್ತದೆ. ಚರ್ಮ ಒಣಗಿ ಬಿಗಿದಂತಾಗುವುದು. ಹೊಟ್ಟಿನಂಥ ಪುಡಿ ಏಳುವುದು. ರೆಪ್ಪೆ ಕೆಂಪೇರಿ ಉರಿಯುವುದು. ಬೆಳಗ್ಗೆ ಎದ್ದಾಗ ಊದಿಕೊಂಡಿರುವುದೂ ಉಂಟು. ಉಜ್ಜಿದಷ್ಟೂ ನವೆ ಹೆಚ್ಚುತ್ತದೆ; ನವೆ ಹೆಚ್ಚಿದಷ್ಟೂ ಉಜ್ಜಬೇಕೆನಿಸುತ್ತದೆ. ಬಹುಕಾಲ ಹೀಗೆ ನಡೆದರೆ ಚರ್ಮ ದಪ್ಪಗಾಗಿ, ಸುಕ್ಕುಗಟ್ಟಿ, ಕಪ್ಪಾಗುತ್ತದೆ. ಇದು ಅಂಟುರೋಗವಲ್ಲ. ಒಬ್ಬರ ಟವೆಲಿನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಆದುದರಿಂದ ಬೇನೆಯಿರುವ ಮಗುವನ್ನು ಶಾಲೆಯಿಂದ ಬಿಡಿಸುವುದಾಗಲಿ, ಬೇರೆ ಕೂರಿಸುವುದಾಗಲಿ ಅನಗತ್ಯ.

ದೇಹದಲ್ಲೆಲ್ಲ ಅತ್ಯಂತ ತೆಳುವಾದ ಚರ್ಮ ರೆಪ್ಪೆಯದು. ಅದರ ದಪ್ಪ ಅರ್ಧ ಮಿಲಿಮೀಟರನ್ನು ಮೀರುವುದು ಅಪರೂಪ. ಹಚ್ಚಿದ ಔಷಧ ಚರ್ಮದ ಮೂಲಕ ಒಳಗಿಳಿಯುವ ಪ್ರಮಾಣ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ವಿಜ್ಞಾನಿಗಳು 1967ರಲ್ಲಿ ಇದನ್ನು ಅಳೆದು ತೋರಿಸಿದರು. ಮುಂಗೈಗೆ ಹಚ್ಚಿದ ಹೈಡ್ರೊಕಾರ್ಟಿಸೋನ್ ಒಂದು ಪಾಲು ಒಳಸೇರಿದರೆ, ಹಣೆಯಲ್ಲಿ 6 ಪಾಲು, ದವಡೆಯ ಬಳಿ 13 ಪಾಲು ಸೇರುತ್ತಿತ್ತು. ರೆಪ್ಪೆಯ ಚರ್ಮ ಹಣೆಯ ಚರ್ಮಕ್ಕಿಂತಲೂ ತೆಳುವು. ಹೀಗಾಗಿ ಔಷಧವೂ ವಿಷವೂ ಅಲ್ಲಿ ಬೇಗ ನಾಟುತ್ತವೆ.

ತಪ್ಪು ಒಂದೆಡೆ, ಶಿಕ್ಷೆ ಇನ್ನೊಂದೆಡೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಈ ಬೇನೆಯ ಚಿಕಿತ್ಸೆಗೆ ಚೆನ್ನಾಗಿ ಒಪ್ಪುತ್ತದೆ. ರೆಪ್ಪೆಯಲ್ಲಿ ಬೇನೆ ಕಂಡರೂ ಅದರ ಕಾರಣ ಅನೇಕ ವೇಳೆ ರೆಪ್ಪೆಯ ಮೇಲಿರುವುದಿಲ್ಲ. ಬೆರಳಿನಲ್ಲೋ ಕೂದಲಿನಲ್ಲೋ ಗಾಳಿಯಲ್ಲೋ ಇರುತ್ತದೆ.

ಉಗುರಿನ ಬಣ್ಣವನ್ನೇ ನೋಡಬಹುದು. ಬಣ್ಣ ಹೊಳೆಯಲೆಂದೂ ಗಟ್ಟಿಯಾಗಿ ಅಂಟಲೆಂದೂ ಅದರಲ್ಲಿ ರಾಳದಂಥ ಪದಾರ್ಥಗಳನ್ನು ಬೆರೆಸುತ್ತಾರೆ. ಅವು ಕೆಲವರ ಮೈಗೆ ಒಗ್ಗವು. ಬೆರಳ ತುದಿಯ ಚರ್ಮ ದಪ್ಪ. ಅಲ್ಲಿ ಏನೂ ತೋರದು. ಆದರೆ ಮನುಷ್ಯನ ಕೈ ತನಗರಿವಿಲ್ಲದೆಯೇ ದಿನಕ್ಕೆ ಎಷ್ಟೋ ಬಾರಿ ಮುಖಕ್ಕೆ ಹೋಗುತ್ತದೆ. ಹಾಗೆ ಮುಟ್ಟಿದಾಗಲೆಲ್ಲ ರೆಪ್ಪೆಗೆ ಅದರ ಸೋಂಕು ತಗಲುತ್ತದೆ. ಉಗುರು ಅಂದವಾಗಿಯೇ ಇರುತ್ತದೆ, ರೆಪ್ಪೆ ಊದಿಕೊಳ್ಳುತ್ತದೆ. ಯಾರಿಗೂ ಉಗುರಿನ ಮೇಲೆ ಸಂಶಯ ಬರುವುದಿಲ್ಲ.

ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಕಥೆಯೂ ಹೀಗೆಯೇ. ಅದರಲ್ಲಿರುವ ಪ್ಯಾರಾಫಿನೈಲಿನ್‌ಡೈಅಮೈನ್ ಎಂಬ ರಾಸಾಯನಿಕ ಒಗ್ಗದವರಿಗೆ ಬಣ್ಣ ಹಚ್ಚಿದ ಒಂದೆರಡು ದಿನಗಳಲ್ಲಿ ಕಣ್ಣು ತೆರೆಯಲಾಗದಷ್ಟು ರೆಪ್ಪೆಗಳು ಬಾತುಕೊಳ್ಳಬಹುದು. ಬೇಗ ಕಪ್ಪೇರಲೆಂದು ಮೆಹಂದಿಗೂ ಕೆಲವೆಡೆ ಇದನ್ನೇ ಬೆರೆಸುತ್ತಾರೆ. ಶಾಂಪೂವಿನ ನೊರೆ, ಮುಖಕ್ಕೆ ಹಚ್ಚುವ ಸುಗಂಧದ ಕ್ರೀಮು, ಅಂಗಡಿಯ ಕಾಡಿಗೆ, ಕನ್ನಡಕದ ಚೌಕಟ್ಟಿನ ನಿಕ್ಕಲ್ ಲೋಹ, ಇವೂ ಸಂಶಯಿಸಬೇಕಾದವುಗಳೇ. ವಿಚಿತ್ರವೆಂದರೆ, ಗುಣವಾಗಲೆಂದು ಕಣ್ಣಿಗೆ ಹಾಕುವ ಕೆಲವು ಹನಿಮದ್ದುಗಳು ಮತ್ತು ನಿಯೋಮೈಸಿನ್ ಇರುವ ಮುಲಾಮುಗಳು ಕೂಡ ಕೆಲವರಲ್ಲಿ ಇಸುಬನ್ನು ಹುಟ್ಟಿಸುತ್ತವೆ. ಕೆಲವೊಮ್ಮೆ ಕಾರಣ ಮನೆಯ ಇನ್ನೊಬ್ಬರ ಕೈಯಲ್ಲಿರುತ್ತದೆ. ತಾಯಿ ತನ್ನ ಕೈಗೆ ಹಚ್ಚಿಕೊಂಡ ಸುಗಂಧದ ಕ್ರೀಮು ಮಗುವಿನ ರೆಪ್ಪೆಯನ್ನು ಕೆರಳಿಸಬಹುದು.

“ಹತ್ತು ವರ್ಷದಿಂದ ಇದನ್ನೇ ಬಳಸುತ್ತಿದ್ದೇನೆ, ಇದರಿಂದ ಹೇಗಾದೀತು?” ಎಂದು ಕೇಳುವವರು ಅನೇಕರು. ಅಲರ್ಜಿಯ ಸ್ವಭಾವ ತಿಳಿಯದೆ ಬರುವ ಪ್ರಶ್ನೆ ಇದು. ಒಂದು ಪದಾರ್ಥವನ್ನು ಶರೀರ ವರ್ಷಗಟ್ಟಲೆ ಸಹಿಸಿಕೊಂಡು ಬಂದು, ಒಂದು ದಿನ ಥಟ್ಟನೆ ಶತ್ರುವೆಂದು ಬಗೆಯುತ್ತದೆ. ಒಮ್ಮೆ ಹಾಗೆ ಬಗೆದ ಮೇಲೆ ಅತ್ಯಲ್ಪ ಪ್ರಮಾಣಕ್ಕೂ ಸಿಡಿದೇಳುತ್ತದೆ. ಆದುದರಿಂದ ಹಳೆಯ ವಸ್ತುವೆಂಬ ಕಾರಣಕ್ಕೆ ಅದನ್ನು ನಿರ್ದೋಷಿಯೆಂದು ಬಿಟ್ಟುಬಿಡಬಾರದು.

ಎಲ್ಲ ಇಸುಬೂ ಅಲರ್ಜಿಯಿಂದಲೇ ಬರುವುದಲ್ಲ. ಖಾರ ಕುಟ್ಟಿದ ಕೈ, ಈರುಳ್ಳಿ ಬೆಳ್ಳುಳ್ಳಿ ಹೆಚ್ಚಿದ ಕೈ, ತಲೆನೋವಿನ ಮುಲಾಮು ತಿಕ್ಕಿದ ಬೆರಳು, ಸೀಗೆಪುಡಿ, ಬಟ್ಟೆಯ ಸೋಪು, ಇವು ಯಾರ ರೆಪ್ಪೆಯನ್ನಾದರೂ ಕೆರಳಿಸಬಲ್ಲವು. ಉಬ್ಬಸವೋ, ಆಗಾಗ ಸೀನುವ ನೆಗಡಿಯೋ, ಮೊಣಕೈ ಮಡಿಕೆಗಳಲ್ಲಿ ಇಸುಬೋ ಇರುವ ಮನೆತನದ ಮಕ್ಕಳಿಗೆ ಹುಟ್ಟಿನಿಂದಲೇ ಚರ್ಮ ಒಣಕಲಾಗಿದ್ದು, ಹೊರಗಿನ ಕಾರಣ ಅಲ್ಪವಾಗಿದ್ದರೂ ರೆಪ್ಪೆ ಕೆರಳುತ್ತದೆ.

ಗಾಳಿಯಲ್ಲಿ ಬರುವ ಶತ್ರು

ನಮ್ಮ ನಾಡಿನಲ್ಲಿ ಮರೆಯಬಾರದ ಇನ್ನೊಂದು ಕಾರಣವುಂಟು. ಅದು ಕಾಂಗ್ರೆಸ್ ಗಿಡವೆಂದು ಜನ ಕರೆಯುವ ಪಾರ್ಥೇನಿಯಂ ಕಳೆ. ಅಮೆರಿಕ ಖಂಡದ ಈ ಕಳೆ ಭಾರತದಲ್ಲಿದೆಯೆಂದು 1956ರಲ್ಲಿ ಪುಣೆಯಿಂದ ವರದಿಯಾಯಿತು. ಕೆಲವೇ ವರ್ಷಗಳಲ್ಲಿ ಅದು ಖಾಲಿ ನಿವೇಶನ, ರೈಲುಹಾದಿ, ಹೊಲದ ಬದುಗಳನ್ನೆಲ್ಲ ಆಕ್ರಮಿಸಿತು. ಬೆಂಗಳೂರಿನ ಬಡಾವಣೆಗಳಲ್ಲಿ ಅದರ ಬಿಳಿಯ ಹೂವನ್ನು ಕಾಣದವರಿಲ್ಲ. ಒಣಗಿದ ಗಿಡದ ಸೂಕ್ಷ್ಮ ರೋಮಗಳು ಧೂಳಿನೊಡನೆ ಗಾಳಿಯಲ್ಲಿ ತೇಲಿಬಂದು ಮುಖದ ಮೇಲೆ ಕೂರುತ್ತವೆ. ಅದರಲ್ಲಿರುವ ಪಾರ್ಥೆನಿನ್ ಎಂಬ ಅಂಶ ಒಗ್ಗದವರಿಗೆ ಮೊದಲು ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ನವೆ ಹತ್ತುತ್ತದೆ.

ಇದನ್ನು ಬಿಸಿಲಿನ ಬೇನೆಯೆಂದು ತಿಳಿಯುವುದೂ ಉಂಟು. ಬೇರ್ಪಡಿಸಲು ಒಂದು ಗುರುತಿದೆ. ಬಿಸಿಲಿನಿಂದ ಬಂದ ಕೆಂಪು, ಬಿಸಿಲು ತಾಗದ ಮೇಲ್ರೆಪ್ಪೆಯ ಮಡಿಕೆ, ಕಿವಿಯ ಹಿಂಬದಿ, ಗದ್ದದ ಕೆಳಗಿನ ಭಾಗಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಗಾಳಿಯ ಧೂಳು ಆ ನೆರಳಿನ ತಾಣಗಳನ್ನೂ ಬಿಡದು. ಸೇವಂತಿಗೆಯೂ ಪಾರ್ಥೇನಿಯಮ್ಮಿನ ಕುಲಕ್ಕೇ ಸೇರಿದ್ದು. ಆ ಕಳೆ ಒಗ್ಗದ ಕೆಲವರಿಗೆ ಸೇವಂತಿಗೆಯ ಹಾರ ಕಟ್ಟಿದರೂ ರೆಪ್ಪೆ ಕೆರಳುತ್ತದೆ. ಅಂಥವರು ಮನೆಯ ಸುತ್ತಲ ಕಳೆಯನ್ನು ತಾವೇ ಕೀಳಬಾರದು. ಅಲರ್ಜಿಯಿಲ್ಲದವರು ಕೈಗವಸು ತೊಟ್ಟು, ಹೂ ಬಿಡುವ ಮೊದಲೇ ಕಿತ್ತುಹಾಕುವುದು ಒಳಿತು.

ಕಾರಣವನ್ನು ಪತ್ತೆಹಚ್ಚುವ ಬಗೆ

ಮೊದಲ ಹೆಜ್ಜೆಗೆ ಕಾಸು ಖರ್ಚಿಲ್ಲ. ಕಾಡಿಗೆ, ಕ್ರೀಮು, ಉಗುರು ಬಣ್ಣ, ಕೂದಲ ಬಣ್ಣ, ಸುಗಂಧ, ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ಕೆಲವು ವಾರ ಕಾಯಬೇಕು. ವೈದ್ಯರು ಕೊಟ್ಟ ಕಣ್ಣಿನ ಹನಿಮದ್ದನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಕೂಡದು. ರೆಪ್ಪೆ ಪೂರ್ತಿ ವಾಸಿಯಾದ ಮೇಲೆ ಒಂದೊಂದನ್ನಾಗಿ, ನಡುವೆ ಒಂದು ವಾರವಾದರೂ ಬಿಟ್ಟು, ಮತ್ತೆ ಆರಂಭಿಸಿದರೆ ತಪ್ಪಿತಸ್ಥ ತಾನಾಗಿ ಸಿಕ್ಕಿಬೀಳುತ್ತದೆ. ಒಮ್ಮೆ ಮುಖವನ್ನೇ ಊದಿಸಿದ ಕೂದಲ ಬಣ್ಣದಂಥದನ್ನು ಹೀಗೆ ಪರೀಕ್ಷಿಸಲು ಹೋಗಬಾರದು. ನವೆ ಹೆಚ್ಚಿದ ದಿನ ಏನು ಮಾಡಿದ್ದು, ಎಲ್ಲಿಗೆ ಹೋಗಿದ್ದು ಎಂಬುದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕಿಕೊಳ್ಳುವುದು ವೈದ್ಯರಿಗೂ ನೆರವಾಗುತ್ತದೆ.

ಇದರಿಂದ ತಿಳಿಯದಿದ್ದರೆ ಚರ್ಮವೈದ್ಯರ ಬಳಿ ಪ್ಯಾಚ್ ಪರೀಕ್ಷೆಯುಂಟು. ಜರ್ಮನ್ ವೈದ್ಯ ಯಾದಸ್ಸೋನ್ 1895ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನ ಇದು. ಸಂಶಯವುಳ್ಳ ಪದಾರ್ಥಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆನ್ನಿನ ಮೇಲೆ ಸಣ್ಣ ಪಟ್ಟಿಗಳಲ್ಲಿ ಅಂಟಿಸಿ 48 ಗಂಟೆಗಳ ಅನಂತರ ತೆಗೆಯುತ್ತಾರೆ. ಇನ್ನೂ ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಯಾವ ಪಟ್ಟಿಯ ಕೆಳಗೆ ಚರ್ಮ ಕೆಂಪೇರಿ ನವೆಯಾಗುವುದೋ ಆ ಪದಾರ್ಥದ ಮೇಲೆ ಸಂಶಯ ಗಟ್ಟಿಯಾಗುತ್ತದೆ. ಸೂಜಿಯಿಲ್ಲ, ನೋವಿಲ್ಲ. ಆ ದಿನಗಳಲ್ಲಿ ಬೆನ್ನಿಗೆ ನೀರು ತಾಗಿಸಬಾರದು, ಅಷ್ಟೆ.

ಮನೆಯ ಆರೈಕೆ

ನವೆ ಎದ್ದಾಗ ಉಜ್ಜುವ ಬದಲು, ಶುದ್ಧವಾದ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಹತ್ತಿಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಟ್ಟುಕೊಂಡರೆ ಉರಿ ಇಳಿಯುತ್ತದೆ. ಮುಖ ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ರೆಪ್ಪೆಗೆ ಸೋಪು ಬೇಡ. ತೊಳೆದ ಮೇಲೆ ಒತ್ತಿ ಒರೆಸಬೇಕೇ ಹೊರತು ತಿಕ್ಕಬಾರದು. ಚರ್ಮ ಇನ್ನೂ ತುಸು ಹಸಿಯಾಗಿರುವಾಗಲೇ ಸುಗಂಧವಿಲ್ಲದ ಶುದ್ಧ ಪೆಟ್ರೋಲಿಯಂ ಜೆಲ್ಲಿಯನ್ನು ಸಾಸಿವೆ ಕಾಳಿನಷ್ಟು ತೆಗೆದುಕೊಂಡು ತೆಳ್ಳಗೆ ಸವರಿದರೆ ಒಳಗಿನ ತೇವ ಆರಿಹೋಗುವುದಿಲ್ಲ. ಮಲಗುವ ಮುನ್ನ ಇನ್ನೊಮ್ಮೆ ಸವರಬಹುದು. ಕೈಯನ್ನು ಚೆನ್ನಾಗಿ ತೊಳೆದೇ ಈ ಕೆಲಸ ಮಾಡಬೇಕು. ಮಕ್ಕಳ ಉಗುರನ್ನು ಗಿಡ್ಡವಾಗಿ ಕತ್ತರಿಸಿರಬೇಕು.

ನಿಂಬೆರಸ, ಅರಿಸಿನ, ಬೇವಿನ ರಸ, ಬೆಳ್ಳುಳ್ಳಿಯ ರಸಗಳನ್ನು ಕೆರಳಿದ ರೆಪ್ಪೆಗೆ ಹಚ್ಚುವುದು ಗಾಯದ ಮೇಲೆ ಉಪ್ಪು ಸವರಿದಂತೆ. ಕಣ್ಣನ್ನು ಉಜ್ಜುವ ಅಭ್ಯಾಸವನ್ನು ಹಗುರವಾಗಿ ಕಾಣುವಂತಿಲ್ಲ. ವರ್ಷಗಟ್ಟಲೆ ಬಲವಾಗಿ ಉಜ್ಜುವವರಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ತೆಳುವಾಗಿ ಮುಂದಕ್ಕೆ ಚಾಚಿ ದೃಷ್ಟಿ ಮಸುಕಾಗುವ ಸಂಭವವುಂಟು. ಮಗು ಪದೇ ಪದೇ ಕಣ್ಣುಜ್ಜಿದರೆ ಗದರಿದರೆ ಸಾಲದು, ನವೆಯ ಕಾರಣವನ್ನು ಹುಡುಕಬೇಕು.

ಮುಲಾಮಿನ ಮೋಹ

ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು 1952ರಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮು ಇಸುಬನ್ನು ಅಡಗಿಸುವುದೆಂದು ತೋರಿಸಿದಂದಿನಿಂದ ಚರ್ಮರೋಗಗಳ ಚಿಕಿತ್ಸೆಯೇ ಬದಲಾಯಿತು. ಈ ಸ್ಟೀರಾಯ್ಡ್ ವರ್ಗದ ಔಷಧಗಳು ನಿಜವಾಗಿಯೂ ಉಪಕಾರಿ. ಅತ್ಯಂತ ಮೃದುವಾದುದನ್ನು, ವೈದ್ಯರು ಹೇಳಿದಷ್ಟು ದಿನ ಮಾತ್ರ ರೆಪ್ಪೆಗೆ ಹಚ್ಚುವುದರಲ್ಲಿ ಭಯಪಡಬೇಕಾದುದಿಲ್ಲ. ಹೆದರಿ ಔಷಧವನ್ನೇ ಬಿಟ್ಟು ನರಳುವುದೂ ಸರಿಯಲ್ಲ.

ಅಪಾಯವಿರುವುದು ಅಂಗಡಿಯವನನ್ನು ಕೇಳಿ ತರುವ, ಕಾಲಿನ ಹುಳುಕಡ್ಡಿಗೆಂದು ಕೊಂಡು ಉಳಿಸಿಟ್ಟ, ನೆರೆಯವರು ಒಳ್ಳೆಯದೆಂದು ಕೊಟ್ಟ ತೀಕ್ಷ್ಣ ಮುಲಾಮುಗಳಲ್ಲಿ. ಇವನ್ನು ತಿಂಗಳುಗಟ್ಟಲೆ ಹಚ್ಚಿದರೆ ರೆಪ್ಪೆಯ ಚರ್ಮ ಇನ್ನಷ್ಟು ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ. ಔಷಧ ಕಣ್ಣಿನೊಳಕ್ಕೂ ಇಳಿದು ಒಳಗಿನ ಒತ್ತಡವನ್ನು ಏರಿಸಬಹುದು, ಪೊರೆಯನ್ನೂ ತರಬಹುದು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಒತ್ತಡದಿಂದ ಬರುವ ಗ್ಲಾಕೋಮಾ ಹಾಗಲ್ಲ. ಅನೇಕ ವೇಳೆ ನೋವಿಲ್ಲದೆ ದೃಷ್ಟಿಯನ್ನು ಅಂಚಿನಿಂದ ಕಬಳಿಸುತ್ತ ಬರುತ್ತದೆ, ಒಮ್ಮೆ ಹೋದ ದೃಷ್ಟಿ ಮರಳಿ ಬಾರದು. ನವೆಯಿಂದ ಪಾರಾಗಲು ಹೋಗಿ ನೋಟವನ್ನೇ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಯಾವುದು?

ಬಹುಕಾಲ ಚಿಕಿತ್ಸೆ ಬೇಕಾದವರಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮೂ ಈಗ ಉಂಟು. ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ 1984ರಲ್ಲಿ ಕಂಡುಹಿಡಿದ ಔಷಧ ಇದು. ಇದು ಚರ್ಮವನ್ನು ತೆಳುವಾಗಿಸದು. ಮೊದಲ ಕೆಲವು ದಿನ ಉರಿಯುವುದುಂಟು. ಅದನ್ನು ಕಂಡು ಗಾಬರಿಗೊಂಡು ಬಿಡುವವರು ಮೊದಲೇ ವೈದ್ಯರನ್ನು ಕೇಳಿ ತಿಳಿದಿರುವುದು ಮೇಲು. ಇದನ್ನೂ ಸ್ವಂತ ಬುದ್ಧಿಯಿಂದ ಬಳಸತಕ್ಕದ್ದಲ್ಲ.

ತಡಮಾಡಬಾರದ ಸಂದರ್ಭಗಳು

ಕೆಲವು ಲಕ್ಷಣಗಳು ಕಂಡರೆ ಆ ದಿನವೇ ವೈದ್ಯರನ್ನು ಕಾಣಬೇಕು. ಜ್ವರದೊಡನೆ ರೆಪ್ಪೆ ಬಿಸಿಯಾಗಿ ಊದಿಕೊಳ್ಳುವುದು, ಕಣ್ಣು ಹೊರಳಿಸಿದರೆ ನೋವು, ದೃಷ್ಟಿ ಮಸುಕು, ಕಣ್ಣಗುಡ್ಡೆಯೇ ಕೆಂಪಾಗಿ ಬೆಳಕನ್ನು ಸಹಿಸದಿರುವುದು, ಹಣೆಯ ಒಂದು ಪಕ್ಕದಲ್ಲಿ ಮತ್ತು ರೆಪ್ಪೆಯ ಮೇಲೆ ನೋವಿನ ನೀರುಗುಳ್ಳೆಗಳು, ಕೀವು ಸೋರುವುದು, ಇವು ಬರಿಯ ಇಸುಬಿನ ಗುರುತುಗಳಲ್ಲ. ಇನ್ನು, ಮನೆಯ ಆರೈಕೆ ಮಾಡಿಯೂ ಎರಡು ವಾರಗಳಲ್ಲಿ ಗುಣ ಕಾಣದಿದ್ದರೆ ಚರ್ಮವೈದ್ಯರ ಬಳಿಗೆ ಹೋಗುವುದೇ ಸರಿ.

ಹೋಗುವಾಗ ಮುಖಕ್ಕೆ, ಕೂದಲಿಗೆ, ಉಗುರಿಗೆ, ಕಣ್ಣಿಗೆ ಬಳಸುವ ಎಲ್ಲ ಸೀಸೆ, ಡಬ್ಬಿ, ಕೊಳವೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಕದ್ದುಮುಚ್ಚಿ ಹಚ್ಚಿದ ಮುಲಾಮಿನ ಕೊಳವೆಯೂ ಅದರೊಳಗಿರಲಿ. ವೈದ್ಯರು ಹುಡುಕುವ ಉತ್ತರ ಬಹಳಷ್ಟು ವೇಳೆ ಆ ಚೀಲದಲ್ಲೇ ಇರುತ್ತದೆ.