ಕಾನೂನು ಮುಂದೆ, ತಜ್ಞರು ಹಿಂದೆ

ದ್ವಿತೀಯ ಪಿಯುಸಿ ಫಲಿತಾಂಶದ ಬೆನ್ನಿಗೇ ಬರುವ ಕಾಲೇಜುಗಳ ಜಾಹೀರಾತುಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೆಸರು ಎದ್ದು ಕಾಣುತ್ತಿದೆ: ಬಿಎಸ್ಸಿ ವಿಧಿವಿಜ್ಞಾನ. ಕೊಲೆ ನಡೆದ ಕೋಣೆಯಲ್ಲಿ ಒಂದು ಕೂದಲೆಳೆ ಹಿಡಿದು ಗಂಟೆಯೊಳಗೆ ಹಂತಕನನ್ನು ಪತ್ತೆ ಹಚ್ಚುವ ಕಿರುತೆರೆಯ ಕಥೆಗಳು ಈ ಆಕರ್ಷಣೆಯನ್ನು ಹೆಚ್ಚಿಸಿವೆ. ಆದರೆ ಈ ಕಾಲೇಜುಗಳಲ್ಲಿ ಏನನ್ನು, ಹೇಗೆ ಕಲಿಸಲಾಗುತ್ತದೆ ಎಂಬುದು ವಿದ್ಯಾರ್ಥಿಗಳ ಉದ್ಯೋಗಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ನ್ಯಾಯಾಲಯದಲ್ಲಿ ಯಾರು ಅಪರಾಧಿ, ಯಾರು ನಿರಪರಾಧಿ ಎಂಬ ತೀರ್ಮಾನವೂ ಇನ್ನು ಮುಂದೆ ಅದನ್ನೇ ಅವಲಂಬಿಸಲಿದೆ.

ಇದಕ್ಕೆ ಕಾರಣ ಹೊಸ ಕಾನೂನು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಸಾಕ್ಷ್ಯ ಸಂಗ್ರಹಿಸುವುದು ಕಡ್ಡಾಯ. ಈ ಪ್ರಕ್ರಿಯೆಯ ವಿಡಿಯೊ ಚಿತ್ರೀಕರಣವೂ ಆಗಬೇಕು. ಇದನ್ನು ಯಾವಾಗಿನಿಂದ ಜಾರಿಗೊಳಿಸಬೇಕು ಎಂಬುದನ್ನು ಐದು ವರ್ಷಗಳ ಒಳಗೆ ಪ್ರಕಟಿಸುವ ಅವಕಾಶವನ್ನು ರಾಜ್ಯಗಳಿಗೆ ನೀಡಲಾಗಿದೆ. ಅಂದರೆ 2029ರ ಮಧ್ಯಭಾಗವೇ ಅಂತಿಮ ಗಡುವು. ಕೊಲೆ, ಅತ್ಯಾಚಾರ, ಡಕಾಯಿತಿ ಸೇರಿದಂತೆ ಗಂಭೀರ ಪ್ರಕರಣಗಳೆಲ್ಲ ಈ ವ್ಯಾಪ್ತಿಗೆ ಬರುವುದರಿಂದ ಪ್ರತಿ ಜಿಲ್ಲೆಗೂ, ಪ್ರತಿ ಹೊತ್ತಿಗೂ ತರಬೇತಾದ ಸಿಬ್ಬಂದಿ ಬೇಕು.

ಅಂಥ ಸಿಬ್ಬಂದಿಯನ್ನು ತಯಾರಿಸುವ ಶಿಕ್ಷಣ ದೇಶಕ್ಕೆ ಹೊಸದೇನಲ್ಲ. ಮಧ್ಯಪ್ರದೇಶದ ಸಾಗರ್ ವಿಶ್ವವಿದ್ಯಾಲಯ 1959ರಲ್ಲೇ ಈ ವಿಷಯಕ್ಕಾಗಿ ವಿಭಾಗ ತೆರೆದಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಅಧ್ಯಯನ ವಿಭಾಗವಿದೆ. 2020ರ ಕಾಯ್ದೆಯ ಮೂಲಕ ಗುಜರಾತಿನ ಗಾಂಧಿನಗರದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಆದರೆ ಸೀಟುಗಳು ಹೆಚ್ಚಿದ ಮಾತ್ರಕ್ಕೆ ತಜ್ಞರು ಹೆಚ್ಚಿದಂತಾಗುವುದಿಲ್ಲ.

ತಜ್ಞತೆಯ ಕೊರತೆ ಎಂಥ ಬೆಲೆ ಕೇಳುತ್ತದೆ ಎಂಬುದಕ್ಕೆ ದೆಹಲಿಯ ಛಾವ್ಲಾ ಪ್ರಕರಣ ನಿದರ್ಶನ. 2012ರಲ್ಲಿ ಯುವತಿಯೊಬ್ಬಳ ಅಪಹರಣ, ಅತ್ಯಾಚಾರ ಮತ್ತು ಕೊಲೆ ನಡೆಯಿತು. ಕೆಳ ನ್ಯಾಯಾಲಯ ಮೂವರಿಗೆ ಮರಣದಂಡನೆ ವಿಧಿಸಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂವರನ್ನೂ ಖುಲಾಸೆಗೊಳಿಸಿತು. ಸಂಗ್ರಹಿಸಿದ ಮಾದರಿಗಳು ಪ್ರಯೋಗಾಲಯ ತಲುಪುವ ಮುನ್ನ ಹತ್ತು ದಿನಗಳಿಗೂ ಹೆಚ್ಚು ಕಾಲ ಠಾಣೆಯ ಮಾಲ್‌ಖಾನೆಯಲ್ಲಿದ್ದವು. ಡಿಎನ್‌ಎ ವರದಿಯಲ್ಲಿನ ತೀರ್ಮಾನಕ್ಕೆ ತಜ್ಞರು ಯಾವ ವಿಧಾನದಿಂದ, ಯಾವ ಆಧಾರದ ಮೇಲೆ ಬಂದರು ಎಂಬುದನ್ನು ಕೆಳಗಿನ ನ್ಯಾಯಾಲಯಗಳು ಪರಿಶೀಲಿಸಿರಲಿಲ್ಲ. ಆ ಮೂವರು ತಪ್ಪಿತಸ್ಥರಲ್ಲದಿದ್ದರೆ ವರ್ಷಗಟ್ಟಲೆ ಗಲ್ಲಿನ ನೆರಳಿನಲ್ಲಿ ಬದುಕಿದರು. ತಪ್ಪಿತಸ್ಥರಾಗಿದ್ದರೆ ಸಂತ್ರಸ್ತೆಯ ಕುಟುಂಬಕ್ಕೆ ನ್ಯಾಯ ಸಿಗಲಿಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ಸೋತದ್ದು ಸಾಕ್ಷ್ಯ ನಿರ್ವಹಣೆ.

ಕಾಲೇಜುಗಳು ಮೊದಲು ಕಲಿಸಬೇಕಾದದ್ದು ಇದನ್ನೇ. ರಕ್ತಸಿಕ್ತ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ; ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಬೇಕು. ಮಹಜರಿನಲ್ಲಿ ಬರೆದ ವಿವರಕ್ಕೂ ಲಕೋಟೆಯ ಮೇಲಿನ ಮೊಹರಿಗೂ ತಾಳೆಯಾಗಬೇಕು. ವಸ್ತು ಯಾರ ಕೈಯಿಂದ ಯಾರ ಕೈಗೆ, ಯಾವ ಹೊತ್ತಿಗೆ ಹೋಯಿತು ಎಂಬುದರ ದಾಖಲೆಯಲ್ಲಿ ಒಂದು ಕೊಂಡಿಯೂ ಕಳಚಬಾರದು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಪ್ರಯೋಗಾಲಯದಲ್ಲಿ ದುಡಿದ, ಸಾಕ್ಷಿ ಕಟಕಟೆಯಲ್ಲಿ ನಿಂತು ಪಾಟಿ ಸವಾಲು ಎದುರಿಸಿದ ಬೋಧಕರಿಂದ ಕಲಿಯಬೇಕಾದದ್ದು.

ವಿಜ್ಞಾನದ ಮಿತಿಯ ಅರಿವೂ ಪಠ್ಯದ ಭಾಗವಾಗಬೇಕು. 2000ದ ದಶಕದಲ್ಲಿ ಮಂಪರು ಪರೀಕ್ಷೆಗೆ ಬೆಂಗಳೂರು ದೇಶದಾದ್ಯಂತ ಹೆಸರಾಗಿತ್ತು. ಆದರೆ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಣ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಮಂಪರು, ಸುಳ್ಳು ಪತ್ತೆ ಮತ್ತು ಬ್ರೈನ್ ಮ್ಯಾಪಿಂಗ್ ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಬಲವಂತವಾಗಿ ನಡೆಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಯಂತ್ರ ಹೇಳಿದ್ದೆಲ್ಲ ಸತ್ಯವಲ್ಲ ಎಂಬ ವಿವೇಕ ತಜ್ಞನಿಗೆ ತಂತ್ರಜ್ಞಾನದಷ್ಟೇ ಅಗತ್ಯ.

ವಿದ್ಯಾರ್ಥಿಗಳ ಹಾಗೂ ಪೋಷಕರ ಪಾಲಿಗೆ ಮತ್ತೊಂದು ಗೊಂದಲವಿದೆ. ವಿಧಿವಿಜ್ಞಾನ ಪದವಿ ಪಡೆದವರು ತನಿಖಾಧಿಕಾರಿಗಳಾಗುವುದಿಲ್ಲ. ಶಂಕಿತರ ವಿಚಾರಣೆ, ಬಂಧನ, ದೋಷಾರೋಪ ಪಟ್ಟಿ ಸಲ್ಲಿಕೆ ಇವೆಲ್ಲ ಪೊಲೀಸರ ಅಧಿಕಾರ. ವಿಜ್ಞಾನಿಯ ಕೆಲಸ ವಸ್ತುವಿನ ಪರೀಕ್ಷೆ ಮತ್ತು ಅಭಿಪ್ರಾಯ. ಅಪರಾಧಶಾಸ್ತ್ರವೋ ಅಪರಾಧದ ಸಾಮಾಜಿಕ ಕಾರಣಗಳ ಅಧ್ಯಯನ. ಮೂರನ್ನೂ ಒಂದೇ ಜಾಹೀರಾತಿನಲ್ಲಿ ಬೆರೆಸಿ ಮಾರುವುದು ಎಳೆಯರಿಗೆ ಮಾಡುವ ಅನ್ಯಾಯ. ಸಂಹಿತೆಯ 329ನೇ ಕಲಮಿನಡಿ ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಗೆ ವಿಶೇಷ ಸ್ಥಾನವಿದ್ದು, ಉದ್ಯೋಗದ ಮುಖ್ಯ ಬಾಗಿಲು ಇಂದಿಗೂ ಸರ್ಕಾರಿ ಪ್ರಯೋಗಾಲಯಗಳೇ. ಅಲ್ಲಿನ ಹಲವು ಹುದ್ದೆಗಳಿಗೆ ಸ್ನಾತಕೋತ್ತರ ಪದವಿ ಬೇಕು.

ಹಣದ ನೆರವಿಲ್ಲ ಎನ್ನುವಂತಿಲ್ಲ. ಕೇಂದ್ರ ಸಚಿವ ಸಂಪುಟ 2024ರ ಜೂನ್‌ನಲ್ಲಿ ವಿಧಿವಿಜ್ಞಾನ ಮೂಲಸೌಕರ್ಯಕ್ಕಾಗಿ ₹2,254.43 ಕೋಟಿ ವೆಚ್ಚದ ಯೋಜನೆಗೆ ಒಪ್ಪಿಗೆ ನೀಡಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಪ್ರಯೋಗಾಲಯದ ಜೊತೆಗೆ ಮೈಸೂರು, ಮಂಗಳೂರು, ಬೆಳಗಾವಿ, ದಾವಣಗೆರೆ, ಕಲಬುರಗಿಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಅಪರಾಧ ಸ್ಥಳ ಪರಿಶೀಲನೆಗೆಂದೇ ರಾಜ್ಯ ಸರ್ಕಾರ ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಿರುವುದೂ ಸ್ವಾಗತಾರ್ಹ. ಈ ಪ್ರಯೋಗಾಲಯಗಳ ಬಾಗಿಲು ವಿದ್ಯಾರ್ಥಿಗಳ ಕಡ್ಡಾಯ ತರಬೇತಿಗೂ ತೆರೆಯಬೇಕು. ಸ್ವಂತ ಉಪಕರಣ, ಅನುಭವಿ ಬೋಧಕರಿಲ್ಲದ ಕಾಲೇಜುಗಳಿಗೆ ಈ ಪದವಿ ನಡೆಸಲು ವಿಶ್ವವಿದ್ಯಾಲಯಗಳು ಮಾನ್ಯತೆ ನೀಡಬಾರದು. ಮಂಜೂರಾದ ಹುದ್ದೆಗಳಿಗೆ ಕಾಲಕಾಲಕ್ಕೆ ನೇಮಕಾತಿ ನಡೆಯಬೇಕು.

2026ರಲ್ಲಿ ಮೂರು ವರ್ಷದ ಪದವಿಗೆ ಸೇರುವ ವಿದ್ಯಾರ್ಥಿ ಹೊರಬರುವುದು 2029ರಲ್ಲಿ. ಕಾನೂನಿನ ಗಡುವು ಮುಗಿಯುವುದೂ ಅದೇ ವರ್ಷ. ಅಂದು ಆತನ ಕೈಯಲ್ಲಿ ಪ್ರಮಾಣಪತ್ರ ಮಾತ್ರ ಇದ್ದರೆ, ಅದರ ಬೆಲೆ ತೆರುವವರು ನ್ಯಾಯ ಬೇಡಿ ಬಂದವರು.