ಕಡಲಿಗೆ ದಳ್ಳಾಳಿ ಬೇಕೆ?

ಸತ್ತವರ ಅಸ್ಥಿಯನ್ನು ಎಲ್ಲಿ ಬಿಡಬೇಕು ಎಂದು ಕೇಳಿದರೆ ನಮ್ಮ ಪಟ್ಟಣಗಳಲ್ಲಿ ಈಗ ಉತ್ತರದ ಬದಲು ದರಪಟ್ಟಿ ಸಿಗುತ್ತದೆ. ಶ್ರೀರಂಗಪಟ್ಟಣಕ್ಕೆ ಇಷ್ಟು, ಗೋಕರ್ಣಕ್ಕೆ ಇಷ್ಟು, ಕಾಶಿಗೆ ಇಷ್ಟು. ಮನೆಯವರು ಬಂದರೆ ಒಂದು ದರ, ಬಾರದಿದ್ದರೆ ಮತ್ತೊಂದು. ಬಾರದವರ ಮೊಬೈಲಿಗೆ ಒಂದು ಚಿತ್ರ ಬರುತ್ತದೆ: ಯಾರದೋ ಕೈ, ಒಂದು ಮಡಕೆ, ಒಂದಿಷ್ಟು ನೀರು. ಆ ಮಡಕೆ ತಮ್ಮದೇ ಎಂದು ನಂಬುವುದಕ್ಕೆ ಬೇಕಾದಷ್ಟು ಶ್ರದ್ಧೆ ನಮ್ಮ ಜನರಲ್ಲಿ ಧಾರಾಳವಾಗಿದೆ. ಶ್ರಾದ್ಧಕ್ಕೆ ಶ್ರದ್ಧೆಯೇ ಮೂಲವೆಂದು ಹಿರಿಯರು ಹೇಳಿದ್ದು ಈ ಅರ್ಥದಲ್ಲಿ ಇರಲಾರದು.

ದಳ್ಳಾಳಿಗಳನ್ನು ಮಾತ್ರ ಬಯ್ದು ಪ್ರಯೋಜನವಿಲ್ಲ. ಕೊರೋನಾ ಹಾವಳಿಯ ದಿನಗಳಲ್ಲಿ, 2021ರ ಸುಮಾರಿಗೆ, ಅಂಚೆ ಇಲಾಖೆಯೇ ಒಂದು ಧಾರ್ಮಿಕ ಸಂಸ್ಥೆಯ ಜೊತೆ ಸೇರಿ ಹೊಸ ಏರ್ಪಾಡೊಂದನ್ನು ಮಾಡಿತು. ಅಸ್ಥಿಯ ಪೊಟ್ಟಣವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ಕಾಶಿ, ಪ್ರಯಾಗ, ಹರಿದ್ವಾರ, ಗಯೆಗಳಲ್ಲಿ ವಿಧಿಪೂರ್ವಕ ವಿಸರ್ಜನೆ. ಮನೆಯವರು ಕುಳಿತಲ್ಲೇ ಅದನ್ನು ಅಂತರ್ಜಾಲದಲ್ಲಿ ನೋಡಬಹುದು. ಕೊನೆಗೆ ಅಂಚೆಯಲ್ಲೇ ಗಂಗಾಜಲ ಮನೆ ಸೇರುತ್ತದೆ. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಇದು ಉಪಕಾರವೇ, ಅಲ್ಲವೆಂದವರು ಯಾರು? ಅದೇ 2021ರ ಜೂನ್ ತಿಂಗಳಲ್ಲಿ, ಬೆಂಗಳೂರಿನ ಚಿತಾಗಾರಗಳಿಂದ ಯಾರೂ ಬಂದು ಒಯ್ಯದೆ ಉಳಿದ ನೂರಾರು ಜನರ ಅಸ್ಥಿಯನ್ನು ನಮ್ಮ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟಿತು. ಕಂದಾಯ ಸಚಿವರು ಎದುರು ನಿಂತು ಮಾಡಿಸಿದರು. ಬಾರದೆ ಹೋದವರಲ್ಲಿ ಹೆದರಿದವರಿದ್ದರು, ತಾವೇ ಆಸ್ಪತ್ರೆಯಲ್ಲಿ ಮಲಗಿದ್ದವರಿದ್ದರು. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಆಪತ್ಕಾಲದ ಧರ್ಮವನ್ನು ಅನುಕೂಲದ ಕಾಲಕ್ಕೂ ಎಳೆದುಕೊಂಡು ಬರುವುದು ನಮ್ಮ ಹಳೆಯ ಚಾಳಿ. ಅಂದು ದಾರಿ ಇಲ್ಲದೆ ಕಳಿಸಿದರು, ಇಂದು ರಜೆ ಇಲ್ಲವೆಂದು ಕಳಿಸುತ್ತಾರೆ. ಅದೇ ಮಹನೀಯರಿಗೆ ಷಡ್ಡಕನ ಮಗಳ ಮದುವೆಗೆ ಐದು ದಿನ ರಜೆ ಸಿಗುತ್ತದೆ.

ಇವರ ವಾದವೇನೆಂದರೆ, ಕಾಶಿಗೆ ಹೋದ ಅಸ್ಥಿಗೆ ಸದ್ಗತಿ. ಊರ ಹತ್ತಿರದ ನೀರಿಗೆ ಬಿದ್ದದ್ದಕ್ಕೆ ಎರಡನೆಯ ದರ್ಜೆಯ ಗತಿ. ದೂರ ಹೆಚ್ಚಿದಷ್ಟೂ ಪುಣ್ಯ ಹೆಚ್ಚು ಎಂಬುದು ರೈಲ್ವೆ ಟಿಕೀಟಿನ ತರ್ಕ. ಪುರಾಣದ ತರ್ಕ ಹಾಗಿಲ್ಲ. ಅಸ್ಥಿಗೂ ಗಂಗೆಗೂ ಸಂಬಂಧ ಕಲ್ಪಿಸಿದ ಕಥೆಯೇ ಭಗೀರಥನದು. ಕಪಿಲ ಮುನಿಯ ಕಣ್ಣಿನ ಬೆಂಕಿಗೆ ಸಿಕ್ಕಿ ಸಗರನ ಅರವತ್ತು ಸಾವಿರ ಮಕ್ಕಳು ಬೂದಿಯಾದರು. ಆ ಬೂದಿಯನ್ನು ಗಂಟು ಕಟ್ಟಿ ಹಿಮಾಲಯಕ್ಕೆ ಹೊತ್ತುಕೊಂಡು ಹೋಗು ಎಂದು ಭಗೀರಥನಿಗೆ ಯಾರೂ ಹೇಳಲಿಲ್ಲ. ಅವನು ತಪಸ್ಸು ಮಾಡಿ ನದಿಯನ್ನೇ ಬೂದಿಯಿದ್ದಲ್ಲಿಗೆ ಕರೆತಂದ. ಗಂಗೆ ಅವನ ರಥದ ಹಿಂದೆ ನಡೆದು ಬಂದಳು, ಬಂದದ್ದು ಕಡಲಿಗೆ. ಸಮುದ್ರಕ್ಕೆ ಸಾಗರವೆಂಬ ಹೆಸರು ಆ ಸಗರನ ಮಕ್ಕಳಿಂದಲೇ ಬಂತೆಂದು ಕಥೆ ಹೇಳುವವರೆಲ್ಲರೂ ಹೇಳುತ್ತಾರೆ. ಅಂದಮೇಲೆ ಗಂಗೆಯೇ ತನ್ನ ಕೆಲಸ ಮುಗಿಸಿದ್ದು ಕಡಲಿನಲ್ಲಿ. ಕಡಲನ್ನು ಮನೆಯ ಮುಂದೆ ಇಟ್ಟುಕೊಂಡ ಕಾರವಾರದವರೂ ಉಡುಪಿಯವರೂ ಅಸ್ಥಿಗೆ ರೈಲು ಹತ್ತಿಸುವುದನ್ನು ಕಂಡರೆ ಭಗೀರಥನಿಗೆ ಏನನ್ನಿಸೀತು?

ನದಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಮೈಸೂರು ಸೀಮೆಯವರಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ತಲೆತಲಾಂತರದ ನಂಟು. ಆದರೆ ಆ ನದಿ ಈಗ ಹೇಗೆ ಹರಿಯುತ್ತದೆ ಎಂಬುದನ್ನೂ ನೋಡಬೇಕಷ್ಟೆ. ಮೇಲ್ಗಡೆ ಕೆಲವೇ ಮೈಲಿ ದೂರದಲ್ಲಿ ಕನ್ನಂಬಾಡಿ ಕಟ್ಟೆ. 1911ರಲ್ಲಿ ಅದರ ಕೆಲಸ ಮೊದಲಾಯಿತು. ಕಟ್ಟೆ ಎದ್ದ ಮೇಲೆ ಪಶ್ಚಿಮವಾಹಿನಿಯ ನೀರು ಇಂಜಿನಿಯರರ ಅಪ್ಪಣೆಯಿಂದ ಹರಿಯುತ್ತಿದೆ. ಕೆಳಗೆ ಹೋದರೆ 1934ರಲ್ಲಿ ಮುಗಿದ ಮೆಟ್ಟೂರು, ಅದರಾಚೆ ಚೋಳರ ಕಾಲದ ಕಲ್ಲಣೆ, ಅದರಿಂದ ಕವಲೊಡೆದ ಕಾಲುವೆಗಳು. ಪೂಂಪುಹಾರಿನಲ್ಲಿ ಕಡಲು ಸೇರುವ ಹೊತ್ತಿಗೆ ಕಾವೇರಿಯಲ್ಲಿ ಉಳಿದಿರುವುದು ಅಷ್ಟಿಷ್ಟು. ಬೇಸಗೆಯಲ್ಲಿ ಮೊಳಕಾಲಿನವರೆಗಿನ ನೀರಿಗೆ ಬಿಟ್ಟ ಅಸ್ಥಿ ಎಲ್ಲಿಗೂ ಹೋಗುವುದಿಲ್ಲ. ಮೂಳೆಯ ಬೂದಿಯಲ್ಲಿ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟು. ಅದು ಸಕ್ಕರೆಯಂತೆ ಕರಗುವ ವಸ್ತುವಲ್ಲ, ಬಿದ್ದಲ್ಲೇ ಕೂರುತ್ತದೆ. ಅದರ ಮೇಲೆ ನಾಳೆಯವರ ಅಸ್ಥಿ, ಅದರ ಮೇಲೆ ನಾಡಿದ್ದಿನವರದು. ಅದೂ ಸಹಿಸಬಹುದು, ಮೂಳೆ ಮಣ್ಣಿನದೇ. ಜೊತೆಗೆ ಬೀಳುವುದೇನು? ಸತ್ತವರ ಹಾಸಿಗೆ, ದಿಂಬು, ಸೀರೆ, ಪಂಚೆ, ಮಾತ್ರೆಯ ಡಬ್ಬಿ, ಪ್ಲಾಸ್ಟಿಕ್ ಚೀಲ, ಕೆಲವೊಮ್ಮೆ ಗಾಜು ಹಾಕಿಸಿದ ಭಾವಚಿತ್ರ. ಬದುಕಿದ್ದಾಗ ಮಲಗಿಸಿದ ಮೂಲೆಯನ್ನು ಖಾಲಿ ಮಾಡುವ ಆತುರವನ್ನು ವಿಸರ್ಜನೆ ಎಂದು ಕರೆಯುವುದು ಸಂಸ್ಕೃತಕ್ಕೆ ಮಾಡುವ ಅಪಮಾನ.

ಈ ವಿಷಯವನ್ನು ಕುರಿತು ತೀರ ಸ್ಪಷ್ಟವಾಗಿ ಯೋಚಿಸಿದವರಲ್ಲಿ ಜವಾಹರಲಾಲ್ ನೆಹರೂ ಒಬ್ಬರು. 1954ರಲ್ಲಿ ಬರೆದಿಟ್ಟ ಉಯಿಲಿನಲ್ಲಿ, ತಮ್ಮ ಬೂದಿಯ ಒಂದು ಹಿಡಿ ಅಲಹಾಬಾದಿನಲ್ಲಿ ಗಂಗೆಗೆ ಬೀಳಲಿ, ಅದು ಭಾರತದ ಕರೆಯನ್ನು ತೊಳೆಯುವ ಮಹಾಸಾಗರವನ್ನು ಸೇರಲಿ ಎಂದರು. ಮಿಕ್ಕ ಬಹುಭಾಗ ವಿಮಾನದಿಂದ ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಲಿ, ಏನನ್ನೂ ಉಳಿಸಿಕೊಳ್ಳಬೇಡಿ ಎಂದರು. ಗಂಗೆಯ ಮೇಲಿನ ಪ್ರೀತಿಗೆ ಮತಧರ್ಮದ ಅರ್ಥ ಹಚ್ಚಬೇಡಿ ಎಂದೂ ಸೇರಿಸಿದರು. 1964ರಲ್ಲಿ ಅವರು ತೀರಿಕೊಂಡಾಗ ಬೇಡವೆಂದಿದ್ದ ಶಾಸ್ತ್ರಗಳೂ ನಡೆದುವು. ಸತ್ತವರ ಮಾತು ನಮ್ಮಲ್ಲಿ ಎಷ್ಟು ನಡೆಯುತ್ತದೆ ಎಂಬುದಕ್ಕೆ ಪ್ರಧಾನಿಯ ಉಯಿಲೂ ಹೊರತಲ್ಲ.

ಉಳಿಸಿಕೊಳ್ಳಬೇಡಿ ಎಂಬ ಆ ಮಾತಿನ ಬೆಲೆ ತಿಳಿಯಬೇಕಾದರೆ ಗಾಂಧೀಜಿಯ ಅಸ್ಥಿಯ ಕಥೆ ಕೇಳಬೇಕು. 1948ರ ಫೆಬ್ರವರಿ 12ರಂದು ಪ್ರಯಾಗದ ಸಂಗಮದಲ್ಲಿ ಲಕ್ಷಾಂತರ ಜನರ ನಡುವೆ ವಿಸರ್ಜನೆಯಾಯಿತು. ದೇಶದ ನಾನಾ ಕಡೆಗೆ ಒಂದೊಂದು ಪಾಲು ಹೋಯಿತು. ಭಕ್ತಿಯಿಂದ ಪಾಲು ಪಡೆದವರಲ್ಲಿ ಕೆಲವರು ಅದನ್ನು ಭಕ್ತಿಯಿಂದಲೇ ಎತ್ತಿಟ್ಟರು, ಅನಂತರ ಭಕ್ತಿಯಿಂದಲೇ ಮರೆತರು. ಒಂದು ಪಾಲು ಕಟಕದ ಬ್ಯಾಂಕಿನ ಲಾಕರಿನಲ್ಲಿ ದಶಕಗಳ ಕಾಲ ಕೂತಿತ್ತು. ನ್ಯಾಯಾಲಯದ ಮೆಟ್ಟಿಲು ಹತ್ತಿ ಅದನ್ನು ಬಿಡಿಸಿ, 1997ರ ಜನವರಿ 30ರಂದು ಸಂಗಮಕ್ಕೆ ಒಯ್ಯಬೇಕಾಯಿತು. ಅಪರಿಗ್ರಹವನ್ನು ಬೋಧಿಸಿದವರಿಗೆ ಬ್ಯಾಂಕ್ ಲಾಕರು! ಇನ್ನೊಂದು ಪಾಲು ಮುಂಬಯಿಯ ಮಣಿಭವನದ ಸಂಗ್ರಹಾಲಯಕ್ಕೆ ಬಂದಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕೆ ಮನೆಯವರು ಒಪ್ಪಲಿಲ್ಲ. 2008ರ ಜನವರಿ 30ರಂದು ಅದನ್ನು ಗಿರಗಾಂವ್ ಚೌಪಾಟಿಯ ಆಚೆ ಕಡಲಿಗೆ ಬಿಟ್ಟರು. ಎರಡು ವರ್ಷದ ಮೇಲೆ, 2010ರಲ್ಲಿ ಅದೇ ದಿನ, ದಕ್ಷಿಣ ಆಫ್ರಿಕದಲ್ಲಿ ಉಳಿದಿದ್ದ ಪಾಲು ಡರ್ಬನ್ನಿನ ಕಡಲು ಸೇರಿತು. ಡರ್ಬನ್ನಿನಲ್ಲಿ ಬಿಟ್ಟದ್ದರಿಂದ ಗಾಂಧೀಜಿಗೆ ಗತಿ ಕಡಿಮೆಯಾಯಿತೆಂದು ಹೇಳುವ ಧೈರ್ಯ ಯಾವ ಪಂಡಿತನಿಗಿದೆ?

ಈ ಪ್ರಶ್ನೆಯನ್ನು ಮುಖ್ಯವಾಗಿ ಪರದೇಶದಲ್ಲಿರುವ ನಮ್ಮವರಿಗೆ ಕೇಳಬೇಕಾಗಿದೆ. ಮಗನ ಮನೆಗೆ ಹೋದ ತಾಯಿ ಕ್ಯಾಲಿಫೋರ್ನಿಯದಲ್ಲೋ ನ್ಯೂಜೆರ್ಸಿಯಲ್ಲೋ ತೀರಿಕೊಳ್ಳುತ್ತಾಳೆ. ಅಲ್ಲೇ ದಹನವಾಗುತ್ತದೆ. ಬೂದಿ ಡಬ್ಬಿಯಲ್ಲಿ ಬರುತ್ತದೆ. ಡಬ್ಬಿ ಕಪಾಟಿನಲ್ಲಿ ಕೂರುತ್ತದೆ. ಈ ಬೇಸಗೆಗೆ ಊರಿಗೆ ಹೋಗೋಣ ಎನ್ನುತ್ತಾರೆ, ಮಕ್ಕಳ ಪರೀಕ್ಷೆ ಬರುತ್ತದೆ, ವೀಸಾದ ತೊಡಕು ಬರುತ್ತದೆ, ಎರಡು ವರ್ಷ ಕಳೆಯುತ್ತದೆ. ಕಿಟಕಿಯ ಆಚೆ ಮಹಾಸಾಗರ ಬಿದ್ದುಕೊಂಡಿದೆ. ಅಲ್ಲಿನ ಕಾಯಿದೆಯೂ ಅಡ್ಡ ಬರುವುದಿಲ್ಲ: ದಡದಿಂದ ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರು, ಆಚೆಗೆ ಹೋಗಿ ಬಿಡಬೇಕು, ಮೂವತ್ತು ದಿನದೊಳಗೆ ಪರಿಸರ ಇಲಾಖೆಗೆ ತಿಳಿಸಬೇಕು, ಕೊಳೆಯುವ ಹೂವಲ್ಲದೆ ಬೇರೇನನ್ನೂ ಹಾಕಕೂಡದು. ಇಷ್ಟೆ. ಪ್ಲಾಸ್ಟಿಕ್ ಹಾರ ಹಾಕಬೇಡಿ ಎಂದು ನಮ್ಮ ಧರ್ಮಶಾಸ್ತ್ರ ಹೇಳಲಿಲ್ಲ, ಅವರ ಸರ್ಕಾರ ಹೇಳಿತು. ಮಾತು ಮಾತ್ರ ನಮ್ಮ ಶಾಸ್ತ್ರಕ್ಕೆ ಒಪ್ಪುವಂಥದೇ. ಊರ ನೀರೇ ಬೇಕೆಂದು ತಾಯಿ ಬಾಯಿಬಿಟ್ಟು ಕೇಳಿದ್ದರೆ ಬೇರೆ ವಿಚಾರ, ಆಗ ಹೊತ್ತು ತರುವುದೇ ಸರಿ. ಕೇಳದಿದ್ದರೆ ಕಪಾಟಿಗಿಂತ ಪೆಸಿಫಿಕ್ ಸಾಗರ ಮೇಲಲ್ಲವೆ?

ಇನ್ನೊಂದು ಮಾತಿದೆ, ಇದನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕು. ನಾಲ್ಕು ವರ್ಷ ಹಾಸಿಗೆ ಹಿಡಿದ ತಾಯಿಯ ಮಲಮೂತ್ರ ತೆಗೆದ ಮಗಳೊಬ್ಬಳನ್ನು ನಾನು ಬಲ್ಲೆ. ವಿಸರ್ಜನೆಯ ದಿನ ಆಕೆಯನ್ನು ಹೊಳೆಯ ದಾರಿಯಲ್ಲಿ ಕಾರಿನೊಳಗೆ ಕೂರಿಸಿದರು. ಮಡಕೆಯನ್ನು ಹಿಡಿದದ್ದು ಆರು ವರ್ಷದಿಂದ ಆ ಮನೆಯ ಹೊಸಿಲು ತುಳಿಯದ ದಾಯಾದಿ. ಅವನಿಗೆ ಮಂತ್ರ ಬರುತ್ತಿರಲಿಲ್ಲ, ಪುರೋಹಿತರು ಹೇಳಿಕೊಟ್ಟರು. ಆಕೆಗೂ ಹೇಳಿಕೊಡಬಹುದಾಗಿತ್ತು. ಹೆಣ್ಣಿನ ಕೈಯಿಂದ ಅಸ್ಥಿ ಬಿದ್ದರೆ ಸದ್ಗತಿ ಇಲ್ಲವೆನ್ನುವವರು, ಮುಂಬಯಿಯ ಕಡಲಲ್ಲಿ ಗಾಂಧೀಜಿಯ ಅಸ್ಥಿಯನ್ನು ಬಿಟ್ಟ ಕೈ ಯಾರದೆಂದು ವಿಚಾರಿಸಲಿ. ಅದು ನೀಲಮ್ ಬೆನ್ ಪಾರೀಖರದು, ಗಾಂಧೀಜಿಯ ಹಿರಿಯ ಮಗ ಹರಿಲಾಲನ ಮೊಮ್ಮಗಳು. ತಂದೆಯೊಡನೆ ಮುನಿದು ದೂರವಾದ ಹರಿಲಾಲ ಮಾಡದೆ ಉಳಿಸಿದ ಕೆಲಸವನ್ನು ಅರವತ್ತು ವರ್ಷದ ಮೇಲೆ ಅವನ ಮೊಮ್ಮಗಳು ಮಾಡಿದಳು. ಇಂಗ್ಲೆಂಡಿನಲ್ಲಿ ಇನ್ನೂ ಹಿಂದೆ, 1895ರಲ್ಲಿ, ಫ್ರೆಡ್ರಿಕ್ ಏಂಗೆಲ್ಸನ ಬೂದಿಯನ್ನು ಈಸ್ಟ್‌ಬೋರ್ನಿನ ಹತ್ತಿರದ ಕಡಲಿಗೆ ಒಯ್ದ ದೋಣಿಯಲ್ಲಿ ಅವನಿಗೆ ಬೇಕಾದವರು ನಾಲ್ಕೇ ಜನ. ಒಬ್ಬಳು ಮಾರ್ಕ್ಸನ ಮಗಳು ಎಲಿನಾರ್. ಅವರಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ, ನಮಗಿದೆ. ದೋಣಿಯಲ್ಲಿ ಯಾರು ಕೂರಬೇಕೆಂಬ ತಿಳಿವು ಅವರಲ್ಲಿತ್ತು.

ಪುರೋಹಿತರ ಹೊಟ್ಟೆಯ ಮೇಲೆ ಹೊಡೆಯುವ ಬರಹ ಇದು ಎಂದು ಯಾರಾದರೂ ಕಾಗದ ಬರೆಯುವುದು ಖಂಡಿತ. ನನ್ನ ಜಗಳ ಪುರೋಹಿತರ ಜೊತೆಗಲ್ಲ. ದುಃಖದಲ್ಲಿರುವವನ ಪಕ್ಕ ನಿಂತು, ಈಗ ಇದನ್ನು ಹಿಡಿ, ಈಗ ಇದನ್ನು ಬಿಡು ಎಂದು ಹೇಳುವ ಒಬ್ಬ ಹಿರಿಯ ಬೇಕು. ಅವನಿಗೆ ದಕ್ಷಿಣೆಯೂ ಸಲ್ಲಬೇಕು. ನಿಮ್ಮ ಬದಲಿಗೆ ತಾನೇ ಹಿಡಿದು ತಾನೇ ಬಿಡುತ್ತೇನೆ ಎನ್ನುವವನು ಪುರೋಹಿತನಲ್ಲ, ಗುತ್ತಿಗೆದಾರ. ಸಾಲ ಮಾಡಿ ಕಾಶಿಗೆ ಹೋಗಿ, ತಿಥಿಗೆ ಮೊದಲೇ ಬಡ್ಡಿ ಕಟ್ಟುವ ಬಡ ಗುಮಾಸ್ತನಿಗೆ ಹತ್ತಿರದ ನೀರು ಸಾಕಪ್ಪಾ ಎಂದು ಹೇಳುವ ಪುರೋಹಿತರೂ ಇದ್ದಾರೆ. ಅವರಿಗೆ ನಮಸ್ಕಾರ.

ಹಾಗಾದರೆ ಕಡಲಿಗೆ ಹೋಗುವುದು ಹೇಗೆ? ಕಷ್ಟವೇನಿಲ್ಲ. ಮಳೆಗಾಲದಲ್ಲಿ ಬೇಡ; ಜೂನ್, ಜುಲೈ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ, ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಮಿಕ್ಕ ಕಾಲದಲ್ಲಿ ಗೋಕರ್ಣ, ಕಾರವಾರ, ಮಲ್ಪೆ, ಎಲ್ಲಿಯಾದರೂ ಮೀನುಗಾರರ ಕೇರಿಗೆ ಹಿಂದಿನ ಸಂಜೆಯೇ ಹೋಗಿ ಕೇಳಿ. ಹರಿಕಂತರಾಗಲಿ ಮೊಗವೀರರಾಗಲಿ, ಸಾವಿನ ಕೆಲಸವೆಂದರೆ ಮುಖ ತಿರುಗಿಸುವವರಲ್ಲ. ಬೆಳಗಿನ ಜಾವಕ್ಕೇ ಹೊರಡಿ. ಆ ಹೊತ್ತಿನಲ್ಲಿ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ. ಮಧ್ಯಾಹ್ನ ಹೋದಿರಾದರೆ ಕಡಲಗಾಳಿ ದಡಕ್ಕೆ ತಿರುಗಿ, ಬಿಟ್ಟ ಬೂದಿ ಬಿಟ್ಟವರ ಮುಖಕ್ಕೇ ಬರುತ್ತದೆ. ಉಬ್ಬರ ಇಳಿಯುವ ಹೊತ್ತಾದರೆ ಇನ್ನೂ ಒಳ್ಳೆಯದು, ನೀರೇ ಒಯ್ಯುತ್ತದೆ. ಅದು ಯಾವಾಗ ಎಂದು ತಂಡೇಲನನ್ನು ಕೇಳಿ, ಪಂಚಾಂಗಕ್ಕಿಂತ ಅವನ ಲೆಕ್ಕ ಸರಿ. ಕಡಲ ಅಭ್ಯಾಸವಿಲ್ಲದವರಿಗೆ ತಲೆ ಸುತ್ತುವುದುಂಟು, ಮುದುಕರನ್ನು ದಡದಲ್ಲೇ ಕೂರಿಸಿ. ಮಗಳನ್ನು ದೋಣಿಗೆ ಹತ್ತಿಸಿ. ದಡ ಹಿಂದೆ ಬಿದ್ದು ದೇವಸ್ಥಾನದ ಗೋಪುರವೂ ತೆಂಗಿನ ತೋಪೂ ಒಂದೇ ಗೆರೆಯಾದ ಮೇಲೆ, ಗಾಳಿಗೆ ಬೆನ್ನು ಕೊಟ್ಟು, ಬಗ್ಗಿ ನೀರಿನ ಹತ್ತಿರದಿಂದ ಬಿಡಿ. ಬಿಡಿ ಹೂವು ಹಾಕಿ, ದಾರದ ಹಾರ ಬೇಡ. ಹಾಸಿಗೆ ದಿಂಬುಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ತಾಮ್ರದ ಚೊಂಬಾದರೆ ಕಡಲ ನೀರಿನಲ್ಲಿ ತೊಳೆದು ಮರಳಿ ತನ್ನಿ. ಮಣ್ಣಿನ ಮಡಕೆಯಾದರೆ ದಡಕ್ಕೆ ಬಂದು ಒಡೆದು ಯಾವುದಾದರೂ ಮರದ ಬುಡಕ್ಕೆ ಹಾಕಿ. ದೋಣಿಯವರಿಗೆ ಕೇಳಿದಷ್ಟು ಕೂಲಿ ಕೊಡಿ. ಅವತ್ತೊಂದು ದಿನ ಚೌಕಾಸಿ ಬೇಡ.